ಕೇರಳ ಕಲಾಮಂಡಲ: ಕಲಾಶಿಕ್ಷಣದಲ್ಲಿ ಅಧಿಕಾರಿವಿಚಾರ

ವಂಶಪಾರಂಪರ್ಯವಾಗಿ ಬಂದ ಕಲೆಯನ್ನು ಕಾಯುವುದು ಕಲಿಯುವವನ ಕುಲವೋ, ಅವನ ಸಾಧನೆಯೋ? ಈ ಪ್ರಶ್ನೆಯ ವಿಚಾರಕ್ಕೆ ಕೇರಳ ಕಲಾಮಂಡಲದ ಚರಿತ್ರೆಯು ಉತ್ತಮವಾದ ನಿದರ್ಶನವಾಗಿದೆ.

ಆಶ್ರಯ ತಪ್ಪಿ ಕಥಕಳಿಯು ಕ್ಷೀಣಿಸುತ್ತಿದ್ದುದನ್ನು ಕಂಡ ಮಹಾಕವಿ ವಳ್ಳತ್ತೋಳ್ ನಾರಾಯಣ ಮೇನೋನರು ಮುಕುಂದರಾಜರೊಡಗೂಡಿ, ಲಾಟರಿಯ ಮೂಲಕವೂ ಧನಸಂಗ್ರಹ ಮಾಡಿ, 1930ರಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಅನಂತರ ಇದು ನಿಳಾನದಿಯ ತೀರದ ಚೆರುತುರುತ್ತಿಯಲ್ಲಿ ನೆಲೆಗೊಂಡಿತು.

ಇಲ್ಲಿಯ ಶಿಕ್ಷಣಕ್ರಮವು ಗುರುಕುಲದ್ದೇ ಆಗಿದೆ. ಸೂರ್ಯೋದಯಕ್ಕೆ ಮುನ್ನವೇ ಕಣ್ಣಿನ ಸಾಧಕವು ಮೊದಲಾಗುತ್ತದೆ. ಮಳೆಗಾಲದಲ್ಲಿ ಗುರುವು ಶಿಷ್ಯನ ಮೈಗೆ ಎಣ್ಣೆ ಹಚ್ಚಿಸಿ ಪಾದಗಳಿಂದ ಮರ್ದಿಸುತ್ತಾನೆ. ನಟನೊಡನೆ ಗಾಯಕನೂ, ಚೆಂಡೆ ಮದ್ದಳೆಗಳ ವಾದಕನೂ, ಪಾತ್ರದ ಮುಖಕ್ಕೆ ಚುಟ್ಟಿಯಿಡುವ ಶಿಲ್ಪಿಯೂ ಇಲ್ಲಿಯೇ ಸಿದ್ಧರಾಗುತ್ತಾರೆ. ಹೀಗಾಗಿ ನಾಟ್ಯವೂ ಚಿತ್ರಕರ್ಮವೂ ಇಲ್ಲಿ ಒಂದೇ ವಿದ್ಯೆಯ ಅಂಗಗಳು.

ಕ್ರಮವು ಹಳೆಯದಾದರೂ ಅಧಿಕಾರಿಗಳು ಹೊಸಬರಾದರು. ಚಾಕ್ಯಾರ್ ಕುಲದವರಿಗೆ ಮೀಸಲಾಗಿದ್ದ ಕೂಡಿಯಾಟ್ಟದ ಅಭಿನಯವನ್ನು ಪೈಂಕುಳಂ ರಾಮ ಚಾಕ್ಯಾರರು 1965ರಲ್ಲಿ ಇಲ್ಲಿ ಗುರುಗಳಾಗಿ ಬಂದು ಅನ್ಯಕುಲದವರಿಗೂ ಬೋಧಿಸಿದರು. ಅದರಿಂದ ಕಲೆಯು ಕೆಡಲಿಲ್ಲ, ಪ್ರತ್ಯುತ ಉಳಿಯಿತು. 2006ರಲ್ಲಿ ಸಂಸ್ಥೆಗೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆಯೂ ಲಭಿಸಿತು. ಆದರೆ ಕಥಕಳಿಯ ಕ್ರಮಬದ್ಧ ತರಗತಿಗೆ ಬಾಲಿಕೆಯರು ಸೇರಿದುದು 2021ರಲ್ಲಿ. ಮೋಹಿನಿಯಾಟ್ಟಕ್ಕೆ ಬಾಲಕರನ್ನು ಸೇರಿಸುವ ನಿರ್ಣಯವಾದುದು 2024ರಲ್ಲಿ. ಕುಲದ ಬಾಗಿಲು ತೆರೆದ ಮೇಲೆಯೂ ಈ ಬಾಗಿಲು ಬಹುಕಾಲ ಮುಚ್ಚಿಯೇ ಇದ್ದಿತು.

ಇದರಿಂದ ವಿದಿತವಾಗುವುದೇನೆಂದರೆ, ಸಾಧಕದ ಕಾಠಿನ್ಯವೂ ಅಧಿಕಾರದ ಸಂಕೋಚವೂ ಭಿನ್ನವಾದ ವಿಷಯಗಳು. ಎರಡನೆಯದನ್ನು ಬಿಟ್ಟರೂ ಕಲೆಯು ಬಾಳುವುದು. ಮೊದಲನೆಯದನ್ನು ಬಿಟ್ಟರೆ ಪದವಿಪತ್ರವೊಂದೇ ಉಳಿಯುವುದು.