ಬಾಡಿಗೆ ಅರ್ಥವಿಲ್ಲ!

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಅರ್ಥವಿಲ್ಲದ ಮಾತುಗಳನ್ನು ಕೇಳುವುದು ಹೊಸದೇನಲ್ಲ. ವರ್ಷಕ್ಕೆ ಎರಡು ಬಾರಿ ಉತ್ತರ ಪತ್ರಿಕೆಗಳ ಕಟ್ಟು ಬಂದಾಗ ಅದರ ಪಾರಾಯಣವೇ ಆಗುತ್ತದೆ. ಆದರೆ ಶಿರಾ ಪಟ್ಟಣದ ಹೊರಗೆ, ಹೆದ್ದಾರಿಯ ಬದಿಯ ಹುಣಿಸೆಮರದ ನೆರಳಿನಲ್ಲಿ, ಕಾರಿನ ಬಾನೆಟ್ಟಿನ ಕೆಳಗಿನಿಂದ ತಲೆಯೆತ್ತಿದ ವೃದ್ಧ ಮೇಸ್ತ್ರಿಗಳು, "ನೋಡಿ ಸಾರ್, ಬಾಡಿಗೆ ಅರ್ಥ್ ಇಲ್ಲ" ಎಂದಾಗ ನಾನು ನಿಜವಾಗಿಯೂ ಕಕ್ಕಾಬಿಕ್ಕಿಯಾದೆ. ಬಾಡಿಗೆಗೆ ಬಂದ ಕಾರು ಅದು. ಬಾಡಿಗೆಯ ವಿಷಯದಲ್ಲಿ ನನಗೂ ಚಾಲಕನಿಗೂ ಮನಸ್ತಾಪವೇನೂ ಇರಲಿಲ್ಲ. ಹೀಗಿರಲು ಅದಕ್ಕೆ ಅರ್ಥವಿಲ್ಲವೆಂದು ಈ ಮೂರನೆಯ ವ್ಯಕ್ತಿ ಏಕೆ ಹೇಳಬೇಕು? ಚಾಲಕ ನನ್ನ ಮುಖವನ್ನು ನೋಡಿ ನಕ್ಕುಬಿಟ್ಟ. "ಮೇಷ್ಟ್ರೇ, ಬಾಡಿ ಅಂದ್ರೆ ಕಾರಿನ ಮೈ. ಅದಕ್ಕೆ ಅರ್ಥಿಂಗ್ ಇಲ್ಲ ಅಂತಾವ್ರೆ."

ಈ ಚಾಲಕನ ಪರಿಚಯವನ್ನು ಮೊದಲು ಮಾಡಿಕೊಡಬೇಕು. ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯ ಕಡೆಯ ಒಂದು ಹಳ್ಳಿ ಅವನದು. ಹಳೆಯದೊಂದು ಡೀಸೆಲ್ ಕಾರೇ ಅವನ ಆಸ್ತಿ, ಅದೇ ಅವನ ಉದ್ಯೋಗ. ಮಂಗಳವಾರ ಮತ್ತು ಶುಕ್ರವಾರಗಳಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಅವನು ತನ್ನ ಊರಿನ ಒಬ್ಬ ಅಜ್ಜಿಯನ್ನು ಕೂಡಿಸಿಕೊಂಡು ಹೊರಡುತ್ತಾನೆ. ಮಧುಗಿರಿ, ಕೊರಟಗೆರೆಗಳ ಮೂಲಕ ತುಮಕೂರಿಗೆ. ಆಕೆಯ ಮೂತ್ರಪಿಂಡಗಳು ಸೋತಿವೆ. ವಾರಕ್ಕೆ ಎರಡು ಸಲ ಯಂತ್ರದಿಂದ ರಕ್ತವನ್ನು ಶೋಧಿಸದಿದ್ದರೆ ಮೈಯೆಲ್ಲ ಬಾವು ಬರುತ್ತದೆ, ಉಸಿರು ಕಟ್ಟುತ್ತದೆ. ಮಧುಗಿರಿಯ ಕಾಲೇಜಿನಲ್ಲಿ ಕೆಲಸಮಾಡುವ ನಾನು ತುಮಕೂರಿಗೆ ಹೋಗಬೇಕಾದಾಗ ಆ ಕಾರಿನ ಮುಂದಿನ ಪೀಠದಲ್ಲಿ ಜಾಗ ಪಡೆಯುವುದುಂಟು. ಹಾಗೆ ಬೆಳೆದ ಸ್ನೇಹ ನಮ್ಮದು.

ಆ ಕಾರಿನಲ್ಲಿ ಹಾಡಿಗೆ ಕೊರತೆಯಿರಲಿಲ್ಲ. ಮುಂದೆ ಒಂದು ಸೆಟ್ಟು, ಬಾಗಿಲುಗಳಲ್ಲಿ ನಾಲ್ಕು ಸ್ಪೀಕರುಗಳು, ಹಿಂದೆ ಡಿಕ್ಕಿಯಲ್ಲಿ ಧ್ವನಿಯನ್ನು ಹಿಗ್ಗಿಸುವ ಒಂದು ಆಂಪ್ಲಿಫೈಯರು. ಆದರೆ ಕೆಲವು ತಿಂಗಳುಗಳಿಂದ ಹಾಡಿನ ಬೆನ್ನಿಗೆ ಒಂದು ಪಿಶಾಚಿ ಹತ್ತಿಕೊಂಡಿತ್ತು: 'ಕುಂಯ್' ಎಂಬ ಒಂದೇ ಸಮನಾದ ಕೊರಗು. ಎಂಜಿನಿನ ವೇಗ ಏರಿದರೆ ಅದರ ಸ್ವರವೂ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಅಜ್ಜಿ, "ಆ ನಾಯಿಮರೀನ ಇಳಿಸಪ್ಪ ತಂದೆ" ಎಂದು ಬೇಡಿಕೊಳ್ಳುತ್ತಿದ್ದರು. ಸಾಲದ್ದಕ್ಕೆ, ಒಂದು ಸಂಜೆ ಕೊರಟಗೆರೆ ದಾಟಿ ಬರುತ್ತಿರುವಾಗ ಚಾಲಕ ದೀಪ ಹಚ್ಚಿದೊಡನೆ ಸೆಟ್ಟು ತಾನಾಗಿ ಆರಿಹೋಯಿತು. ದೀಪವಾರಿಸಿದರೆ ಮತ್ತೆ ಹಾಡಿತು. ಒಂದು ಊರಿನ ಅಂಗಡಿಯವರು ಪರೀಕ್ಷಿಸಿ, ಸೆಟ್ಟೇ ಕೆಟ್ಟಿದೆಯೆಂದು ತೀರ್ಪು ಕೊಟ್ಟು ಹೊಸದನ್ನು ಕೂಡಿಸಿದರು. ಹಣ ಹೋಯಿತು, ಕೊರಗು ಉಳಿಯಿತು.

ಅನಂತರ ಬಂದದ್ದು ಆ ಮಂಗಳವಾರ. ಶನಿವಾರ ಸಂಜೆ ಏಳು ಗಂಟೆಗೆ ಮನೆಯ ಮುಂದೆ ನಿಲ್ಲಿಸಿದ್ದ ಕಾರು, ಮಂಗಳವಾರ ಬೆಳಗಿನ ನಾಲ್ಕು ಗಂಟೆಗೆ ಬೀಗದ ಕೈ ತಿರುಗಿಸಿದರೆ 'ಟಕ್' ಎಂದಿತೇ ಹೊರತು ಸೆಲ್ಫ್ ತಿರುಗಲಿಲ್ಲ. ಬ್ಯಾಟರಿ ಸತ್ತಿತ್ತು. ಇದರ ವಿಡಂಬನೆಯನ್ನು ವಾಚಕರು ಗಮನಿಸಬೇಕು. ಆ ಹಳ್ಳಿಯ ಹೊಲಗಳಾಚೆಗೆ ಹದಿಮೂರು ಸಾವಿರ ಎಕರೆಗಳಲ್ಲಿ ಹಬ್ಬಿರುವ, ೨೦೧೮ರಲ್ಲಿ ಉದ್ಘಾಟನೆಯಾದ ಪಾವಗಡದ ಸೌರ ವಿದ್ಯುತ್ ಕ್ಷೇತ್ರವಿದೆ; ಅದರ ಸಾಮರ್ಥ್ಯ ೨,೦೫೦ ಮೆಗಾವ್ಯಾಟ್. ಅದರ ಅಂಚಿನಲ್ಲಿ ಹನ್ನೆರಡು ವೋಲ್ಟಿಗಾಗಿ ಒಂದು ಕಾರು ಕತ್ತಲೆಯಲ್ಲಿ ಕಾದುನಿಂತಿತ್ತು, ಒಳಗೆ ಅಜ್ಜಿ ಕಾಲು ನೀಡಿಕೊಂಡು ಕುಳಿತಿದ್ದರು. ಬಸ್ಸು ಹಿಡಿದು ತುಮಕೂರು ಸೇರುವಷ್ಟರಲ್ಲಿ ಆಕೆಯ ಸರದಿ ತಪ್ಪಿ, ಸಂಜೆಯವರೆಗೆ ಕಾಯಬೇಕಾಯಿತು. ಆಗಬಾರದ್ದು ಆಗಲಿಲ್ಲ. ಆದರೆ ಆ ದಿನ ಆಕೆಯ ಮಗ ಆಡಿದ ಮಾತುಗಳನ್ನು ಚಾಲಕ ಮರೆಯಲಾರದೆ ಹೋದ. ಮುಂದಿನ ಭಾನುವಾರವೇ ನಾವಿಬ್ಬರೂ ಬಡವನಹಳ್ಳಿಯ ಮಾರ್ಗವಾಗಿ ಶಿರಾಕ್ಕೆ ಹೊರಟೆವು. ಲಾರಿಗಳು ಹಗಲಿರುಳು ಹರಿಯುವ ಹೆದ್ದಾರಿಯ ಊರು ಅದು; ವಾಹನಗಳ ವಿದ್ಯುತ್ ರೋಗಗಳನ್ನು ಬಲ್ಲವರು ಅಲ್ಲಿಯೇ ಇರಬೇಕೆಂದು ನಮ್ಮ ಊಹೆ.

ಕಾರಿನಲ್ಲಿ ಸಂಗೀತವನ್ನು ಕೇಳಬೇಕೆಂಬ ಆಸೆ ಇಂದಿನದಲ್ಲ. ಅಮೆರಿಕದ ಷಿಕಾಗೋ ನಗರದ ಗ್ಯಾಲ್ವಿನ್ ಸಹೋದರರು ೧೯೩೦ರಲ್ಲಿ ಕಾರಿಗೆ ಕೂಡಿಸುವ ರೇಡಿಯೋ ಒಂದನ್ನು ತಯಾರಿಸಿ ಅದಕ್ಕೆ 'ಮೊಟೊರೋಲಾ' ಎಂದು ಹೆಸರಿಟ್ಟರು. ಇತ್ತ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ್ದು ೧೯೩೫ರಲ್ಲಿ. ಆಗಿನ ಕಾರು ರೇಡಿಯೋಗಳಲ್ಲಿದ್ದದ್ದು ಗಾಜಿನ ಕವಾಟಗಳು. ಅವಕ್ಕೆ ನೂರಾರು ವೋಲ್ಟುಗಳ ಒತ್ತಡ ಬೇಕು. ಬ್ಯಾಟರಿಯಲ್ಲಿದ್ದದ್ದು ಆರೋ ಹನ್ನೆರಡೋ. ಆದುದರಿಂದ ಒಂದು ಪುಟ್ಟ ಕಂಪಕವು ಪ್ರವಾಹವನ್ನು ಕತ್ತರಿಸಿ ಕತ್ತರಿಸಿ ಪರಿವರ್ತಕಕ್ಕೆ ಉಣಿಸಬೇಕಾಗಿತ್ತು. ೧೯೫೦ರ ದಶಕದಲ್ಲಿ ಟ್ರಾನ್ಸಿಸ್ಟರು ಬಂದು ಈ ಗೋಳು ತಪ್ಪಿತು. ಆದರೆ ಎಂಜಿನಿನ ಸದ್ದು ಹಾಡಿನೊಳಗೆ ನುಸುಳುವ ಪೀಡೆಯಿದೆಯಲ್ಲ, ಅದು ಆಗಲೂ ಇತ್ತು, ಈಗಲೂ ಇದೆ.

ಇದಕ್ಕೆ ಕಾರಣವನ್ನು ಮೇಸ್ತ್ರಿಗಳು ವಿವರಿಸಿದ ಬಗೆ ಸೊಗಸಾಗಿತ್ತು. ಮನೆಯ ದೀಪಕ್ಕೆ ಎರಡು ತಂತಿಗಳು ಬೇಕು, ಒಂದು ಹೋಗಲು, ಒಂದು ಬರಲು. ಕಾರಿನಲ್ಲಿ ಬ್ಯಾಟರಿಯಿಂದ ಹೋಗುವುದಕ್ಕೆ ಮಾತ್ರ ತಂತಿ. ಹಿಂದಿರುಗುವುದು ಕಾರಿನ ಕಬ್ಬಿಣದ ಮೈಯೊಳಗಿಂದ. ಮೈಯನ್ನು ಬ್ಯಾಟರಿಯ ಋಣ ತುದಿಗೆ ಒಂದು ಪಟ್ಟಿ ಕಟ್ಟಿಹಾಕಿರುತ್ತದೆ. ದೀಪ, ಹಾರನ್, ಗಾಳಿಯಂತ್ರ, ಸೆಟ್ಟು ಎಲ್ಲದರ ಪ್ರವಾಹವೂ ಬಳಸಿಯಾದ ಮೇಲೆ ಆ ಒಂದು ಪಟ್ಟಿಯ ಮೂಲಕವೇ ಮನೆಗೆ ಮರಳಬೇಕು. ಸಂತೆ ಮುಗಿದ ಮೇಲೆ ಊರವರೆಲ್ಲ ಒಂದೇ ಓಣಿಯಲ್ಲಿ ಹಿಂದಿರುಗುವಂತೆ. ಆ ಓಣಿಯಲ್ಲಿ ಗೋಡೆ ಕುಸಿದು ಬಿದ್ದರೆ?

ಅವರ ಕೈಯಲ್ಲಿದ್ದ ಆಯುಧ ಒಂದು ಮಲ್ಟಿಮೀಟರು ಮಾತ್ರ. ಎಂಜಿನ್ ನಿಂತಿರುವಾಗ ಬ್ಯಾಟರಿಯ ಎರಡು ತುದಿಗಳನ್ನು ಅಳೆದರು: ೧೨.೬ ವೋಲ್ಟ್. ಇದು ಆರೋಗ್ಯದ ಗುರುತು. ಎಂಜಿನ್ ಓಡಿಸಿ, ದೀಪಗಳನ್ನೂ ಗಾಳಿಯಂತ್ರವನ್ನೂ ಹಾಕಿಸಿದರು: ೧೪.೧. ಅದೂ ಸರಿ, ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರು ದುಡಿಯುತ್ತಿದೆ ಎಂದರ್ಥ. ಈಗ ಸೆಟ್ಟನ್ನು ಹೊರಗೆಳೆದು, ಅದರ ಹಳದಿ ತಂತಿಗೂ ಕಾರಿನ ಮೈಗೂ ನಡುವೆ ಅಳೆದರು. ಬಂದದ್ದು ೧೦.೨! ನಾಲ್ಕು ವೋಲ್ಟುಗಳನ್ನು ದಾರಿಯಲ್ಲಿ ಯಾರೋ ಕದ್ದಿದ್ದಾರೆ. ಇಷ್ಟು ಕೆಳಗಿಳಿದಾಗ ಸೆಟ್ಟು ಕಣ್ಣುಮುಚ್ಚಿಕೊಳ್ಳುವುದು ತಪ್ಪಲ್ಲ, ಅದು ಅದರ ಆತ್ಮರಕ್ಷಣೆ.

ಕಳ್ಳನಿರುವುದು ಹೋಗುವ ದಾರಿಯಲ್ಲೋ, ಬರುವ ದಾರಿಯಲ್ಲೋ? ಮೇಸ್ತ್ರಿಗಳು ಮೀಟರಿನ ಕಪ್ಪು ಮುಳ್ಳನ್ನು ಬ್ಯಾಟರಿಯ ಋಣ ತುದಿಗೇ ಹಿಡಿದು, ಕೆಂಪು ಮುಳ್ಳನ್ನು ಕಾರಿನ ಮೈಗೆ ತಾಗಿಸಿದರು. ಇವೆರಡೂ ಒಂದೇ ಎಂದಮೇಲೆ ಸೊನ್ನೆ ಬರಬೇಕು. ಬಹಳವೆಂದರೆ ಒಂದು ವೋಲ್ಟಿನ ಹತ್ತನೆಯ ಒಂದು ಭಾಗ. ಬಂದದ್ದು ೩.೬. ಆಗಲೇ ಅವರು ತಲೆಯೆತ್ತಿ ಮೇಲಿನ ವಾಕ್ಯವನ್ನು ನುಡಿದದ್ದು. ಈ ಪರೀಕ್ಷೆಯ ಮರ್ಮವೊಂದಿದೆ. ದೀಪಗಳನ್ನು ಹಚ್ಚಿರುವಾಗಲೇ ಇದನ್ನು ಮಾಡಬೇಕು. ಪ್ರವಾಹ ಹರಿಯದಿರುವಾಗ ಕೊಳೆತ ಪಟ್ಟಿಯೂ ಒಳ್ಳೆಯ ಪಟ್ಟಿಯಂತೆಯೇ ತೋರುತ್ತದೆ. ಭಾರ ಹೊರಿಸದೆ ಎತ್ತಿನ ಶಕ್ತಿ ತಿಳಿಯುವುದುಂಟೆ? ಅಂಗಡಿಯವರು ದೀಪವಾರಿಸಿ ಅಳೆದು, ಎಲ್ಲ ಸರಿಯಿದೆ, ಸೆಟ್ಟೇ ಕೆಟ್ಟಿದೆ ಎಂದಿದ್ದರು.

ಪಟ್ಟಿಯನ್ನು ಬಿಚ್ಚಿದಾಗ ಅದರ ಬೋಲ್ಟಿನ ಕೆಳಗೆ ಹಸಿರು ಕಿಲುಬು, ಅದರಡಿ ತುಕ್ಕು. ಇಪ್ಪತ್ತು ಆಂಪಿಯರಿನಷ್ಟು ಪ್ರವಾಹ ಅಲ್ಲಿ ಹಾಯುತ್ತಿದ್ದರೆ, ೩.೬ರಿಂದ ಗುಣಿಸಿ ನೋಡಿ, ೭೨ ವ್ಯಾಟ್ ಶಾಖ ಆ ಒಂದು ಗಂಟಿನಲ್ಲಿ ಹುಟ್ಟುತ್ತದೆ. ಬೆಸುಗೆ ಹಾಕುವ ಕಾವಿನ ಕೋಲಿಗೆ ಇದಕ್ಕಿಂತ ಕಡಿಮೆ ಸಾಕು. ಪಕ್ಕದ ತಂತಿಯ ಹೊದಿಕೆ ಬಾಡಿ ಕಂದಿಹೋಗಿತ್ತು. ಪ್ರವಾಹವು ಹೀಗೆ ದಾರಿ ಕಾಣದಾದಾಗ ಕ್ಲಚ್ಚಿನ ಕೇಬಲ್ಲು ಮೊದಲಾದ ಅಡ್ಡದಾರಿಗಳನ್ನು ಹಿಡಿದು ಅವನ್ನೂ ಕಾಯಿಸುವುದುಂಟು. ಹಾಡಿನಲ್ಲಿದ್ದ ಆ ನಾಯಿಮರಿ ನಿಜವಾಗಿಯೂ ಮನೆ ಕಾಯುವ ನಾಯಿಯೇ ಆಗಿತ್ತು! ಸೆಲ್ಫಿಗೆ ಪ್ರವಾಹ ಹೋಗಿಬರುವ ದಪ್ಪ ತಂತಿ ಬೇರೆ, ಅದು ನೇರವಾಗಿ ಎಂಜಿನಿಗೆ. ಆದ್ದರಿಂದ ಕಾರು ಎಂದಿನಂತೆ ಚಾಲೂ ಆಗುತ್ತಲೇ ಇತ್ತು, ಯಾರಿಗೂ ಸಂಶಯ ಬರಲಿಲ್ಲ. ದೀಪಗಳು ಮಂಕಾಗಿದ್ದುದನ್ನು ಚಾಲಕ ತನ್ನ ಕಣ್ಣಿನ ದೋಷವೆಂದು ಬಗೆದಿದ್ದ.

ಕೊರಗಿನ ವಿಚಾರವೂ ಇದರೊಳಗೇ ಇದೆ. ಆಲ್ಟರ್ನೇಟರಿನಲ್ಲಿ ಹುಟ್ಟುವುದು ಹಿಂದುಮುಂದಾಗಿ ಹರಿಯುವ ಪ್ರವಾಹ. ಆರು ಡಯೋಡುಗಳು ಅದನ್ನು ಏಕಮುಖಿಯಾಗಿ ತಿರುಗಿಸಿದರೂ ಸಣ್ಣ ಅಲೆಗಳು ಉಳಿದೇ ಇರುತ್ತವೆ. ಎಂಜಿನ್ ವೇಗವಾದಷ್ಟೂ ಅಲೆಗಳು ಒತ್ತೊತ್ತಾಗುತ್ತವೆ, ಸ್ವರ ಏರುತ್ತದೆ. ಮುಂದಿನ ಸೆಟ್ಟು ಕಾರಿನ ಮೈಯನ್ನು ಒಂದು ಕಡೆ ಮುಟ್ಟಿಕೊಂಡಿದೆ, ಡಿಕ್ಕಿಯ ಆಂಪ್ಲಿಫೈಯರು ಇನ್ನೊಂದು ಕಡೆ. ಎರಡರ ನಡುವೆ ಹಾಡನ್ನು ಒಯ್ಯುವ ತಂತಿ. ಎರಡೂ ನೆಲೆಗಳ ಮಟ್ಟ ಒಂದೇ ಆಗಿದ್ದರೆ ತಂಟೆಯಿಲ್ಲ. ಮಟ್ಟ ವ್ಯತ್ಯಾಸವಾದರೆ ಆ ಅಲೆಗಳು ಹಾಡಿನ ತಂತಿಯನ್ನೇ ಸೇತುವೆ ಮಾಡಿಕೊಂಡು ದಾಟುತ್ತವೆ. ಎಮರಿ ಕಾಗದದಿಂದ ತುಕ್ಕನ್ನು ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆ ಹೊಸ ಪಟ್ಟಿಯನ್ನು ಬಿಗಿದು, ಗ್ರೀಸು ಸವರಿ, ಆಂಪ್ಲಿಫೈಯರಿನ ಕಪ್ಪು ತಂತಿಯ ಬುಡದ ಬಣ್ಣವನ್ನೂ ಕೆರೆದು ಕೂಡಿಸಿದರು. ಮತ್ತೆ ಅಳೆದರೆ ೦.೦೬ ವೋಲ್ಟ್. ಸೆಟ್ಟು ಹಾಡಿತು; ಹಾಡು ಮಾತ್ರ ಕೇಳಿಸಿತು.

ಅಲ್ಲಿಗೆ ಮುಗಿಯಿತೆಂದು ನಾನು ಜೇಬಿಗೆ ಕೈಹಾಕಿದೆ. ಮೇಸ್ತ್ರಿಗಳು ಕೈಯಾಡಿಸಿ ತಡೆದರು. "ಬೆಳಗಿನ ಜಾವ ಗಾಡಿ ನಿಂತಿದ್ದು ಇದರಿಂದಲ್ಲ ಸಾರ್. ಅದು ಬೇರೆ ಕಾಯಿಲೆ." ಇದು ನನಗೆ ಮೆಚ್ಚುಗೆಯಾದ ಮಾತು. ಒಂದು ದೋಷ ಸಿಕ್ಕಿತೆಂಬ ಸಂತೋಷದಲ್ಲಿ ಎರಡನೆಯದನ್ನು ಮರೆಯುವುದು ಪಂಡಿತರ ಲಕ್ಷಣ, ಮೇಸ್ತ್ರಿಗಳದಲ್ಲ.

ಬೀಗದ ಕೈ ತೆಗೆಸಿ, ಬಾಗಿಲುಗಳನ್ನೆಲ್ಲ ಹಾಕಿಸಿ, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ ಮೀಟರನ್ನು ನಡುವೆ ಕೂಡಿಸಿದರು. ಈಗ ಮೀಟರು ಆಂಪಿಯರುಗಳನ್ನು ಅಳೆಯುವ ಸ್ಥಾನದಲ್ಲಿತ್ತು. (ಈ ಸ್ಥಿತಿಯಲ್ಲಿ ಯಾರೂ ಸೆಲ್ಫ್ ಹೊಡೆಯಕೂಡದು; ಮೀಟರಿನ ಫ್ಯೂಸು ಹೋಗುತ್ತದೆ.) ಹೊಸ ಕಾರುಗಳಾದರೆ ಒಳಗಿನ ಯಂತ್ರಗಳು ನಿದ್ರೆಹೋಗಲು ಅರ್ಧಗಂಟೆಯಾದರೂ ಕಾಯಬೇಕಂತೆ, ನಮ್ಮದು ಹಳೆಯದು, ಬೇಗ ಮಲಗಿತು. ಗಡಿಯಾರ, ಸೆಟ್ಟಿನ ಜ್ಞಾಪಕಶಕ್ತಿ ಇವಕ್ಕೆಲ್ಲ ಐವತ್ತು ಮಿಲಿಆಂಪಿಯರ್ ಮೀರಬಾರದು. ಮೀಟರು ತೋರಿಸಿದ್ದು ೦.೮ ಆಂಪಿಯರ್. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಹೋದರು. ಆಂಪ್ಲಿಫೈಯರಿನ ಫ್ಯೂಸು ಕಿತ್ತೊಡನೆ ಅಂಕಿ ಕುಸಿಯಿತು. ಆಂಪ್ಲಿಫೈಯರನ್ನು ಎಬ್ಬಿಸುವುದಕ್ಕೆಂದೇ ಸೆಟ್ಟಿನಿಂದ ಒಂದು ತಂತಿ ಬರುತ್ತದೆ. ಅಂಗಡಿಯವರು ಹೊಸ ಸೆಟ್ಟು ಕೂಡಿಸುವಾಗ ಆ ಎಳೆಯನ್ನು ಹುಡುಕುವ ಶ್ರಮ ತೆಗೆದುಕೊಳ್ಳದೆ, ಬ್ಯಾಟರಿಯ ತಂತಿಗೇ ನೇರವಾಗಿ ಹೊಸೆದುಬಿಟ್ಟಿದ್ದರು. ಕಾರು ಮಲಗಿದರೂ ಅದು ಎಚ್ಚರ. ಶನಿವಾರ ಸಂಜೆಯಿಂದ ಮಂಗಳವಾರದ ಜಾವಕ್ಕೆ ೫೭ ಗಂಟೆ, ೦.೮ರಿಂದ ಗುಣಿಸಿದರೆ ೪೫ಕ್ಕೂ ಮಿಕ್ಕಿ ಆಂಪಿಯರ್-ಗಂಟೆ. ೬೦ರ ಹಳೆಯ ಬ್ಯಾಟರಿಯಲ್ಲಿ ಉಳಿಯುವುದೇನು?

ಮೇಸ್ತ್ರಿಗಳ ಅನುಭವ ಭಂಡಾರದಿಂದ ಇನ್ನೂ ಕೆಲವು ಸಂಗತಿಗಳನ್ನು ಟಿಪ್ಪಣಿ ಮಾಡಿಕೊಂಡೆ. ಒಂದೇ ಕಡೆಯ ಸ್ಪೀಕರು ಮೂಕವಾಗಿದ್ದರೆ ಬಾಗಿಲನ್ನು ತೆರೆದು ಮುಚ್ಚಿ ನೋಡಬೇಕು. ಧ್ವನಿ ಬಂದು ಹೋಗುತ್ತಿದ್ದರೆ ಕೀಲಿನ ಬಳಿಯ ರಬ್ಬರಿನೊಳಗೆ ತಂತಿ ಮುರಿದಿದೆ. ಸೆಟ್ಟಿನಿಂದ ಬಿಡಿಸಿದ ಸ್ಪೀಕರಿನ ತುದಿಗಳನ್ನು ಅಳೆದಾಗ ನಾಲ್ಕು ಓಮಿನದು ಮೂರೂವರೆಯ ಆಸುಪಾಸು ತೋರಬೇಕು. ಏನೂ ತೋರದಿದ್ದರೆ ಸುರುಳಿ ಕಡಿದಿದೆ. ಸ್ಪೀಕರಿನ ತಂತಿಗಳಲ್ಲಿ ಯಾವೊಂದೂ ಕಾರಿನ ಮೈಯನ್ನು ಸೋಕಕೂಡದು, ಈಗಿನ ಸೆಟ್ಟುಗಳು ಅದನ್ನು ಸಹಿಸವು. ಇನ್ನು ಹೋದ ಫ್ಯೂಸಿಗೆ ಬದಲು ತಾಮ್ರದ ಎಳೆ ಸುತ್ತುವವರ ವಿಚಾರ ಬಂದಾಗ ಅವರು ಬಳಸಿದ ಶಬ್ದಗಳನ್ನು ಇಲ್ಲಿ ಅಚ್ಚುಮಾಡುವಂತಿಲ್ಲ. ಹತ್ತು ಆಂಪಿಯರಿನ ಕೆಂಪು ಫ್ಯೂಸು ಹೋದರೆ ಕೆಂಪನ್ನೇ ಹಾಕಬೇಕು. ಅದೂ ಹೋದರೆ ದೋಷವನ್ನು ಹುಡುಕಬೇಕು.

ಶುಕ್ರವಾರ ಮತ್ತೆ ಆ ಕಾರಿನಲ್ಲಿ ತುಮಕೂರಿಗೆ ಹೋಗಿ ಸಂಜೆ ಜೊತೆಯಲ್ಲಿಯೇ ಹಿಂದಿರುಗಿದೆ. ಅಜ್ಜಿಯನ್ನು ಊರಿಗೆ ಮುಟ್ಟಿಸುವವರೆಗೂ ಬನ್ನಿರೆಂದು ಚಾಲಕ ಒತ್ತಾಯಿಸಿದ್ದರಿಂದ ಮಧುಗಿರಿಯಲ್ಲಿ ಇಳಿಯಲಿಲ್ಲ. ಬೆಂಗಳೂರಿನ ವಿವಿಧ ಭಾರತಿ ಹಾಡುತ್ತಿತ್ತು. ಏಕಶಿಲೆಯ ಬೆಟ್ಟ ಬೆನ್ನಿಗೆ ಸರಿದು ಮಿಡಿಗೇಶಿಯ ಕಡೆ ತಿರುಗಿದಂತೆ ಹಾಡು ಚೂರುಚೂರಾಗಿ ಗೊರಗೊರ ಶಬ್ದ ತುಂಬಿತು. ಚಾಲಕ ಬೆಚ್ಚಿ, "ಮೇಷ್ಟ್ರೇ, ಮತ್ತೆ ಅರ್ಥ್ ಹೋಯ್ತಾ?" ಎಂದ. ಇಲ್ಲವೆಂದೆ. ಎಫ್. ಎಂ. ತರಂಗಗಳು ಹೆಚ್ಚುಕಡಮೆ ನೇರದಾರಿಯಲ್ಲಿ ಸಾಗುವಂಥವು. ಬೆಟ್ಟ ಅಡ್ಡ ಬಂದಲ್ಲಿ ಅವುಗಳ ನೆರಳು ಬೀಳುತ್ತದೆ. ಎಂಜಿನಿನ ವೇಗಕ್ಕೂ ಆ ಗೊರಗೊರಕ್ಕೂ ಸಂಬಂಧವಿರಲಿಲ್ಲ. ಅವನು ಗುಂಡಿಯನ್ನು ತಿರುಗಿಸಿದ. ಗಡಿಯಾಚೆಯ ಅನಂತಪುರದ ನಿಲಯ ತೆಲುಗಿನಲ್ಲಿ ಸ್ಪಷ್ಟವಾಗಿ ಹಾಡತೊಡಗಿತು. ಹಿಂದಿನ ಪೀಠದಲ್ಲಿ ಅಜ್ಜಿ ಆಗಲೇ ನಿದ್ರೆಹೋಗಿದ್ದರು.