ಗಣಕಯಂತ್ರದ ಹತ್ತನೆಯ ಒಂದಂಶ

ಗಣಕಯಂತ್ರಕ್ಕೆ ಕ್ರಮವಿಧಿ ಬರೆದು ಲೆಕ್ಕ ಮಾಡಿಸಲು ಕಲಿಯುವ ಮಕ್ಕಳು ಈಗ ಅನೇಕರ ಮನೆಗಳಲ್ಲಿರುವರಷ್ಟೆ. ಆ ಯಂತ್ರವು ಬಲ್ಲ ಅಂಕೆಗಳು 0, 1 ಎರಡೇ ಎಂಬುದನ್ನು ಅವರು ಮೊದಲು ಅರಿಯತಕ್ಕುದೆಂದು ನಾವು ಭಾವಿಸುತ್ತೇವೆ. ಒಂದನ್ನು ಮೂರರಿಂದ ಭಾಗಿಸಿದರೆ ನಮ್ಮ ದಶಾಂಶವು ಹೇಗೆ ಮುಗಿಯದೋ, ಹಾಗೆ ಅದರ ದ್ವಿಮಾನದಲ್ಲಿ 0.1 ಮುಗಿಯದು, ಯಂತ್ರವು ಎಲ್ಲಿಯೋ ಕತ್ತರಿಸಿ ಇಟ್ಟುಕೊಳ್ಳುವುದು. ಆದುದರಿಂದಲೇ 0.1ಕ್ಕೆ 0.2ನ್ನು ಕೂಡಿಸಿ, ಮೊತ್ತವು 0.3ಕ್ಕೆ ಸಮವೇ ಎಂದು ಕೇಳಿದರೆ ಬಹುತೇಕ ‘ಅಲ್ಲ’ ಎಂಬ ಉತ್ತರ ಬರುವುದು.

ಇದು ಬರಿಯ ವಿನೋದವಲ್ಲ. 1991ನೆಯ ಫೆಬ್ರವರಿ 25ರಂದು ಸೌದಿ ಅರೇಬಿಯದ ಧಹರಾನಿನಲ್ಲಿ, ಸೆಕೆಂಡಿನ ಹತ್ತನೆಯ ಒಂದಂಶಗಳನ್ನೆಣಿಸುತ್ತ ನೂರು ಗಂಟೆ ನಡೆದಿದ್ದ ಪೇಟ್ರಿಯಟ್ ಕ್ಷಿಪಣಿರಕ್ಷೆಯ ಗಣಕವು 0.34 ಸೆಕೆಂಡಿನಷ್ಟು ತಪ್ಪಿ, ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ಬೇರೆಡೆ ಅರಸಿತು. 28 ಮಂದಿ ಅಮೆರಿಕದ ಸೈನಿಕರು ಮಡಿದರು.

ಆದಕಾರಣ ‘ಸಮವೇ?’ ಎನ್ನದೆ, ‘ಅಂತರವು ಸಹಿಸತಕ್ಕಷ್ಟು ಅಲ್ಪವೇ?’ ಎಂದು ಕೇಳಿಸಬೇಕು. ಮನೆಯ ಲೆಕ್ಕವನ್ನಂತೂ ರೂಪಾಯಿಯ ದಶಾಂಶದಲ್ಲಿಡದೆ, ಪೈಸೆಗಳ ಪೂರ್ಣಾಂಕವಾಗಿಯೇ ಇಡಿಸುವುದು ಲೇಸು.