ಕಾವಲುಗಾರನ ಕೈ ಸೇರಿದಾಗಲೇ ಖರೀದಿ

ಹಿಮದ ಮೇಲೆ ಬಿದ್ದ ಬಿಸಿಲು ತಿರುಗಿ ಕಣ್ಣಿಗೇ ರಾಚುತ್ತದೆ. ಬರಿಗಣ್ಣಲ್ಲಿ ಕೆಲವು ಗಂಟೆ ಕಾವಲು ನಿಂತರೆ ಮೊದಲು ಉರಿ, ಆಮೇಲೆ ಧಾರಾಕಾರ ನೀರು, ಕೊನೆಗೆ ಏನೂ ಕಾಣದ ಸ್ಥಿತಿ. ಸಿಯಾಚಿನ್ ಕಾಯುವವರಿಗೆ ಹಿಮದ ಕನ್ನಡಕ ಬಂದೂಕಿನಷ್ಟೇ ಅಗತ್ಯ. 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ, ಈ ಕನ್ನಡಕಗಳ ಕೊರತೆ ಶೇ 62ರಿಂದ 98ರವರೆಗೂ ಇತ್ತು ಎಂದಿತು. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಬಹೂಪಯೋಗಿ ಬೂಟುಗಳು ಸಿಗದೆ ಹಳೆಯವನ್ನೇ ಮತ್ತೆ ಬಳಸಬೇಕಾಯಿತು. ಮುಖಗವಸು, ಜಾಕೆಟ್, ಮಲಗುವ ಚೀಲಗಳಲ್ಲಿ ಹಳೆಯ ಮಾದರಿಗಳನ್ನೇ ಖರೀದಿಸಲಾಗಿತ್ತು. ನಂತರ ಪರಿಸ್ಥಿತಿ ಸುಧಾರಿಸಿದೆ ಎಂಬುದು ಸೇನೆಯ ಉತ್ತರ.

ಆ ಎತ್ತರದಲ್ಲಿ ನಿಲ್ಲುವವರು ಯಾರೆಂದು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಆರು ದಿನ ಹಿಮದಡಿ ಹೂತುಹೋಗಿದ್ದರು. ಅವರನ್ನು ಬಲಿ ಪಡೆದದ್ದು ಹಿಮಕುಸಿತ; ಅದನ್ನು ಯಾವ ಟೆಂಡರೂ ತಡೆಯಲಾರದು. ಆದರೆ ಕನ್ನಡಕ, ಬೂಟು ಕೊಡುವುದು ನಮ್ಮ ಕೈಯಲ್ಲೇ ಇರುವ ಕೆಲಸ.

ಕಡತದ ದಾರಿ, ಕಣಿವೆಯ ದಾರಿ

ಒಂದು ವಸ್ತು ಗಡಿಠಾಣೆ ತಲುಪುವ ಮುನ್ನ ಬೇಡಿಕೆ, ಗುಣಮಟ್ಟದ ಮಾನದಂಡ, ಅಗತ್ಯಕ್ಕೆ ಒಪ್ಪಿಗೆ, ಟೆಂಡರ್, ತಾಂತ್ರಿಕ ಪರಿಶೀಲನೆ, ಟ್ರಯಲ್, ದರದ ಮಾತುಕತೆ, ಹಣಕಾಸು ಮಂಜೂರಾತಿ ಎಲ್ಲವೂ ಆಗಬೇಕು. ಇವು ಸುಮ್ಮನೆ ಹುಟ್ಟಿದ ನಿಯಮಗಳಲ್ಲ. ಬೊಫೋರ್ಸ್‌ನಂಥ ಹಗರಣಗಳನ್ನು ಕಂಡ ದೇಶ ಎಚ್ಚರ ತಪ್ಪುವಂತಿಲ್ಲ. ಆದರೆ ಚಳಿಗಾಲ ಕಡತಕ್ಕಾಗಿ ಕಾಯುವುದಿಲ್ಲ. ಜೋಜಿ ಲಾ ಕಣಿವೆಮಾರ್ಗ ಹಿಮದಿಂದ ಮುಚ್ಚುವ ಮೊದಲೇ, ಬೇಸಿಗೆಯಲ್ಲಿ, ಲಡಾಖ್‌ಗೆ ಚಳಿಗಾಲದ ದಾಸ್ತಾನು ಸಾಗಬೇಕು. ಆ ಕೆಲವು ತಿಂಗಳು ಕೈತಪ್ಪಿದರೆ ಉಳಿಯುವುದು ದುಬಾರಿ ವಿಮಾನ ಸಾಗಣೆ, ಇಲ್ಲವೇ ಮುಂದಿನ ವರ್ಷ. ದಿಲ್ಲಿಯ ಮೇಜಿನ ಮೇಲೆ ಮೂರು ತಿಂಗಳ ವಿಳಂಬವೆಂದರೆ ಗಡಿಯಲ್ಲಿ ಒಂದು ವರ್ಷದ ವಿಳಂಬ.

ಇನ್ನೊಂದು ತೊಡಕು ‘ಎಲ್-1’. ಮಾನದಂಡ ದಾಟಿದವರಲ್ಲಿ ಕಡಿಮೆ ದರ ಹೇಳಿದವನಿಗೇ ಸಾಮಾನ್ಯವಾಗಿ ಗುತ್ತಿಗೆ. ಮಾನದಂಡ ಸಡಿಲವಾಗಿದ್ದರೆ ಅಗ್ಗದ ಮಾಲೇ ಗೆಲ್ಲುತ್ತದೆ. 2025ರ ಫೆಬ್ರುವರಿಯಲ್ಲಿ ಚೀನಾದ ಬಿಡಿಭಾಗಗಳ ಕಾರಣಕ್ಕೆ 400 ಸಾಗಣೆ ಡ್ರೋನ್‌ಗಳ ಗುತ್ತಿಗೆಗಳನ್ನು ರಕ್ಷಣಾ ಸಚಿವಾಲಯ ರದ್ದುಪಡಿಸಿತು. ಡ್ರೋನ್ ಒಳಗೆ ಏನಿದೆ ಎಂಬ ಪ್ರಶ್ನೆ ಗುತ್ತಿಗೆಗೆ ಸಹಿ ಬೀಳುವ ಮುಂಚೆಯೇ ಬರಬೇಕಿತ್ತು.

ಅರಿಝೋನಾ ಮತ್ತು ಧುಬ್ರಿ

ಹಣ ಸುರಿದ ಮಾತ್ರಕ್ಕೆ ಗಡಿ ಭದ್ರವಾಗುವುದಿಲ್ಲ ಎನ್ನುವುದಕ್ಕೆ ಅಮೆರಿಕವೇ ಸಾಕ್ಷಿ. ಮೆಕ್ಸಿಕೊ ಗಡಿಯುದ್ದಕ್ಕೂ ರೇಡಾರ್, ಕ್ಯಾಮೆರಾ ಗೋಪುರ ನಿಲ್ಲಿಸುವ ‘ಎಸ್‌ಬಿಐನೆಟ್’ ಯೋಜನೆಯನ್ನು 2006ರಲ್ಲಿ ಬೋಯಿಂಗ್‌ಗೆ ವಹಿಸಲಾಯಿತು. ಸುಮಾರು 100 ಕೋಟಿ ಡಾಲರ್ ಖರ್ಚಾದರೂ ಕಾವಲು ಸಿಕ್ಕಿದ್ದು ಅರಿಝೋನಾದ 53 ಮೈಲಿಗೆ. 2011ರ ಜನವರಿಯಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಮೊದಲ ಹಂತದ ವಿನ್ಯಾಸದಲ್ಲಿ ಗಡಿ ಗಸ್ತಿನವರ ಮಾತಿಗೆ ಜಾಗ ಸಾಲಲಿಲ್ಲ ಎಂದು ಅಲ್ಲಿನ ಲೆಕ್ಕಪರಿಶೋಧಕರೇ ಬರೆದರು.

ಇದಕ್ಕೆ ಪ್ರತಿಯಾದ ಉದಾಹರಣೆ ನಮ್ಮಲ್ಲೇ ಇದೆ. ಅಸ್ಸಾಂನ ಧುಬ್ರಿಯಲ್ಲಿ ಬ್ರಹ್ಮಪುತ್ರ ಹಲವು ಕವಲಾಗಿ ಬಾಂಗ್ಲಾದೇಶಕ್ಕೆ ಇಳಿಯುತ್ತದೆ. ಪ್ರವಾಹ ಬಂದಾಗ ಮರಳುದಿಬ್ಬಗಳೇ ಜಾಗ ಬದಲಿಸುವ ಆ 61 ಕಿಲೋಮೀಟರ್ ಗಡಿಯಲ್ಲಿ ಬೇಲಿ ನೆಡುವುದು ಎಲ್ಲಿ? ಅಲ್ಲಿ ಸಂವೇದಕ, ಹಗಲು–ರಾತ್ರಿಯ ಕ್ಯಾಮೆರಾ, ಮೈಕ್ರೋವೇವ್ ಸಂಪರ್ಕಗಳ ಜಾಲವನ್ನು ತಯಾರಕರ ನೆರವಿನಿಂದ ಹೆಣೆದದ್ದು ಬಿಎಸ್‌ಎಫ್‌ನ ತಾಂತ್ರಿಕ ವಿಭಾಗವೇ. 2019ರ ಮಾರ್ಚ್‌ನಲ್ಲಿ ಅದು ಉದ್ಘಾಟನೆಯಾಯಿತು. ನದಿಯನ್ನು ಬಲ್ಲವರೇ ತಮಗೇನು ಬೇಕೆಂದು ನಿರ್ಧರಿಸಿದರು.

ಕೆಟ್ಟಾಗ ಯಾರು ಬರುತ್ತಾರೆ?

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಡಿಆರ್‌ಡಿಒದ ಇಲ್ಲಿನ ಎಲ್‌ಆರ್‌ಡಿಇ ಪ್ರಯೋಗಾಲಯ ರೂಪಿಸಿ, ಬಿಇಎಲ್ ತಯಾರಿಸುವ ಕಿರುವ್ಯಾಪ್ತಿಯ ರಣರಂಗ ಕಣ್ಗಾವಲು ರೇಡಾರನ್ನು ಬಿಚ್ಚಿ ಬೆನ್ನ ಮೇಲೆ ಹೊತ್ತೊಯ್ಯಬಹುದು. ಕತ್ತಲಲ್ಲೂ ನಡೆದುಬರುವ ಮನುಷ್ಯನನ್ನು ಅದು ದೂರದಿಂದಲೇ ಪತ್ತೆಹಚ್ಚುತ್ತದೆ. ಇಂಥದ್ದು ನಮ್ಮಲ್ಲೇ ತಯಾರಾಗುವುದರ ದೊಡ್ಡ ಲಾಭ ಬಿಡಿಭಾಗ ಮತ್ತು ಎಂಜಿನಿಯರ್ ಒಂದೇ ದೇಶದಲ್ಲಿ ಸಿಗುವುದು. ಕೆಟ್ಟ ಕ್ಯಾಮೆರಾ ಗೋಪುರದ ಮೇಲಿದ್ದರೂ ಗಡಿ ಕುರುಡೇ. ಹಾಗಾಗಿ ಯಂತ್ರದ ಜೊತೆಗೇ ದುರಸ್ತಿ, ತರಬೇತಿ, ಬ್ಯಾಟರಿಗಳನ್ನೂ ಖರೀದಿಸಬೇಕು.

ಬೇಲಿ, ರಸ್ತೆ, ಠಾಣೆ, ತಂತ್ರಜ್ಞಾನಗಳಿಗೆಂದು ಕೇಂದ್ರ ಸರ್ಕಾರ 2021–26ರ ಅವಧಿಗೆ ₹13,020 ಕೋಟಿಯ ಯೋಜನೆಗೆ ಒಪ್ಪಿಗೆ ನೀಡಿತ್ತು. ಇಂಥ ಪ್ರತಿ ರೂಪಾಯಿಗೂ ಮೂರು ಷರತ್ತು ಇರಲಿ. ಮಾನದಂಡ ಬರೆಯುವ ಸಮಿತಿಯಲ್ಲಿ ಠಾಣೆಯಲ್ಲಿ ದುಡಿದವರು ಕಡ್ಡಾಯವಾಗಿರಲಿ. ಕಡತದ ಪ್ರತಿ ಹಂತಕ್ಕೂ ಗಡುವು ಇರಲಿ, ಮೀರಿದವರು ಲಿಖಿತ ಕಾರಣ ಕೊಡಲಿ. ಬಳಸುವ ಘಟಕ ಒಂದು ಚಳಿಗಾಲ, ಒಂದು ಮಳೆಗಾಲ ಉಪಯೋಗಿಸಿ ‘ಸರಿಯಿದೆ’ ಎಂದ ಮೇಲೆಯೇ ಕಂಪನಿಗೆ ಕೊನೆಯ ಕಂತು ಪಾವತಿಯಾಗಲಿ. ಗಡಿ ಕಾಯುವವರಿಗೆ ಚಪ್ಪಾಳೆ ತಟ್ಟಿದರೆ ನಮ್ಮ ಋಣ ತೀರುವುದಿಲ್ಲ. ಅವರಿಗೆ ಕೊಳ್ಳುವ ವಸ್ತುವಿನ ಲೆಕ್ಕ ಕೇಳುವುದೂ ನಾಗರಿಕರಾದ ನಮ್ಮ ಕರ್ತವ್ಯ.